ನೀಲಿ ಚೆಂಡು ಕುಡಿದ ಎಣ್ಣೆ

ಆ ಚೆಂಡು ನನ್ನ ಮೇಜಿನ ಮೇಲೆ ಬಂದು ಕೂತ ಹೊತ್ತಿಗೆ ನಾನು ಫೋನಿನಲ್ಲಿ ಯಾರ ಜೊತೆಗೋ ಜಗಳವಾಡುತ್ತಿದ್ದೆ. ರಿಸೀವರ್ ಇಟ್ಟು ತಿರುಗಿದರೆ ಎದುರಿಗೆ ಗಾಢ ನೀಲಿ ಬಣ್ಣದ ಒಂದು ಗುಂಡು, ಅದರ ಮೈಯಲ್ಲಿ ಮೂರು ತೂತು. ಅದರ ಹಿಂದೆ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡ, ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಒಬ್ಬ ಹೆಂಗಸು ನಿಂತಿದ್ದರು.

"ಇದೇನ್ರೀ, ಫಿರಂಗಿ ಗುಂಡಾ?" ಎಂದೆ.

"ಬೌಲಿಂಗ್ ಬಾಲು ಮೇಡಂ. ಸತ್ತೋಗಿದೆ ಅಂತಾರೆ. ನೀವೊಂದ್ಸಲ ನೋಡ್ಬೇಕು."

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ತುಮಕೂರಿನ ಅಂತರಸನಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಮಾಲಿನ ಪರೀಕ್ಷೆ ನೋಡಿಕೊಳ್ಳುತ್ತಿದ್ದೆ. ಅಕ್ಕಿ ಗಿರಣಿಗೆ ರಬ್ಬರ್ ರೋಲು, ಪ್ರೆಸ್ಸುಗಳಿಗೆ ಯುರೆಥೇನ್ ಎಂಬ ರಬ್ಬರಿನಂಥ ಪ್ಲಾಸ್ಟಿಕ್ಕಿನ ರೋಲು, ತಳ್ಳುಗಾಡಿಗಳಿಗೆ ಚಕ್ರ ಮಾಡುತ್ತಿದ್ದೆವು. ಚೆಂಡಿಗೂ ನಮಗೂ ಯಾವ ಸಂಬಂಧವೂ ಇರಲಿಲ್ಲ. ಆಕೆ ಕುಣಿಗಲ್‌ನ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ಶನಿವಾರ ಮಧ್ಯಾಹ್ನ ಬೆಂಗಳೂರಿನ ಅಕ್ಕನ ಮನೆಗೆ ಹೋಗಿ, ಅಲ್ಲಿ ಹೊಸದಾಗಿ ಶುರುವಾಗಿದ್ದ ಬೌಲಿಂಗ್ ಅಂಕಣದಲ್ಲಿ ಆಡಿ, ಭಾನುವಾರ ಸಂಜೆ ವಾಪಸು ಬರುತ್ತಿದ್ದರಂತೆ. ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ರಾಜ್ಯ ತಂಡದ ಆಯ್ಕೆ ಇತ್ತು.

"ಸತ್ತಿದ್ರೆ ಬೇರೆ ತಗೊಳ್ಳೋದಲ್ವಾ?" ಎಂದು ಕೇಳಿದೆ. ನನಗೆ ಮಾತು ಒರಟಾಗಿಯೇ ಬರುವುದು.

ಆಕೆ ಬಲಗೈ ಚಾಚಿ ತೋರಿಸಿದರು. ಉಂಗುರದ ಬೆರಳಿನ ಮೇಲಿನ ಗಿಣ್ಣು ಇರಲಿಲ್ಲ. ಚಿಕ್ಕಂದಿನಲ್ಲಿ ಬಾವಿಯ ರಾಟೆಗೆ ಸಿಕ್ಕಿಕೊಂಡಿತ್ತಂತೆ. ಹೊರದೇಶದಿಂದ ಬಂದಿದ್ದ ಒಬ್ಬ ತರಬೇತುದಾರರು ಆ ಬೆರಳನ್ನು ಅಳೆದು, ಅದಕ್ಕೆ ತಕ್ಕ ಓರೆಯಲ್ಲಿ, ತಕ್ಕ ಆಳಕ್ಕೆ ತೂತು ಕೊರೆದು ಕೊಟ್ಟ ಚೆಂಡು ಅದು. ಅವರು ವಾಪಸು ಹೋಗಿಯಾಗಿತ್ತು. ಅಂಥ ಇನ್ನೊಂದು ಚೆಂಡು ತರಿಸಿ, ಹಾಗೇ ಕೊರೆಸಲು ತಿಂಗಳುಗಟ್ಟಲೆ ಬೇಕಿತ್ತು. ಅಂಕಣದಲ್ಲಿ ಇಟ್ಟಿರುವ ಚೆಂಡುಗಳನ್ನು ಆ ಬೆರಳು ಹಿಡಿಯುತ್ತಿರಲಿಲ್ಲ. ನಾನು ಅರ್ಧ ನಿಮಿಷವೂ ಯೋಚಿಸದೆ "ಬಿಟ್ಟೋಗಿ, ಮಾಡ್ಕೊಡ್ತೀನಿ" ಎಂದುಬಿಟ್ಟೆ. ಹಿಂದುಮುಂದು ನೋಡದೆ ಒಪ್ಪಿಕೊಂಡು ಆಮೇಲೆ ಒದ್ದಾಡುವುದು ನನ್ನ ಹುಟ್ಟುಗುಣ. ನನಗೆ ಕಾಲಲ್ಲಿ ಚಕ್ರ ಎಂದು ಅಮ್ಮ ಬೈಯುತ್ತಿದ್ದದ್ದು ಸುಮ್ಮನೆ ಅಲ್ಲ.

ಆಟದ ಲೆಕ್ಕಾಚಾರವನ್ನು ಆಕೆಯೇ ಕೂರಿಸಿಕೊಂಡು ಹೇಳಿಕೊಟ್ಟರು. ಅರವತ್ತು ಅಡಿಯ ಮರದ ಹಾದಿ, ಕೊನೆಯಲ್ಲಿ ಹತ್ತು ಪಿನ್ನು. ಹಾದಿಯ ಮೊದಲ ನಲವತ್ತು ಅಡಿಗೆ ತೆಳ್ಳಗೆ ಎಣ್ಣೆ ಬಳಿದಿರುತ್ತಾರೆ, ಮಿಕ್ಕದ್ದು ಒಣ ಮರ. ತಿರುವು ಕೊಟ್ಟು ಬಿಟ್ಟ ಚೆಂಡು ಎಣ್ಣೆಯ ಮೇಲೆ ಜಾರಿಕೊಂಡು ಹೋಗಿ, ಒಣ ಜಾಗ ಸಿಕ್ಕ ಕೂಡಲೇ ಮರವನ್ನು ಕಚ್ಚಿ ಒಳಕ್ಕೆ ತಿರುಗಬೇಕು. ಹಾಗೆ ತಿರುಗಿ ಬಂದ ಚೆಂಡೇ ಹತ್ತನ್ನೂ ಉರುಳಿಸುವುದು. ಈ ನೀಲಿ ಚೆಂಡು ಒಂದು ವರ್ಷ ಹಾಗೆ ತಿರುಗಿತ್ತು. ಈಗ ಸೀದಾ ಹೋಗುತ್ತಿತ್ತು.

ಆಕೆ ಅಂಕಣದ ಎಣ್ಣೆಯನ್ನು ಒಂದು ಪುಟ್ಟ ಸೀಸೆಯಲ್ಲಿ ತಂದಿದ್ದರು. ಮೂರು ಮೈಗಳ ಮೇಲೆ ಒಂದೊಂದು ಹನಿ ಇಟ್ಟು ನೋಡಿದೆ. ಪಾಲಿಯೆಸ್ಟರ್ ರೆಸಿನ್ನಿನ, ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ, ಬಿಲ್ಲೆಯ ಮೇಲೆ ಇಟ್ಟ ಹನಿ ಮಾರನೆಯ ದಿನವೂ ಹಾಗೇ ದುಂಡಗೆ ಕೂತಿತ್ತು. ನಮ್ಮದೇ ಯುರೆಥೇನ್ ಚಕ್ರದ ತುಂಡಿನ ಮೇಲಿನದು ಸ್ವಲ್ಪ ಹರಡಿತ್ತು, ಒಳಗೆ ಹೋಗಿದ್ದು ಬಹಳ ಕಡಿಮೆ. ನೀಲಿ ಚೆಂಡಿನಲ್ಲಿ ಮಾತ್ರ ವಿಚಿತ್ರ. ಹಾದಿಗೆ ಎಂದೂ ತಾಗದ ಪಕ್ಕದಲ್ಲಿ ಇಟ್ಟ ಹನಿ ಊಟ ಮುಗಿಸಿ ಬರುವಷ್ಟರಲ್ಲಿ ಮಾಯವಾಗಿತ್ತು. ಪ್ರತಿ ಸಲ ಉರುಳುವಾಗ ಮರಕ್ಕೆ ತಾಗುವ ಪಟ್ಟಿಯ ಮೇಲೆ ಇಟ್ಟದ್ದು ಸಂಜೆಯಾದರೂ ಅಲ್ಲೇ ಇತ್ತು. ಅಂದರೆ ಈ ಜಾತಿಯ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ, ಎಣ್ಣೆಯನ್ನು ಹೀರಿಕೊಳ್ಳುವುದರಿಂದಲೇ ಅದಕ್ಕೆ ಹಿಡಿತ. ಹೀರಿ ಹೀರಿ ರಂಧ್ರ ತುಂಬಿದ ಮೇಲೆ ಅದೂ ಪ್ಲಾಸ್ಟಿಕ್ ಗುಂಡಿನಂತೆಯೇ. ಯಾವ ಗುಣಕ್ಕಾಗಿ ಅದನ್ನು ಮಾಡಿದ್ದರೋ ಆ ಗುಣದಿಂದಲೇ ಅದು ಹಾಳಾಗುತ್ತಿತ್ತು. ಇದು ತಿಳಿದ ದಿನ ನನಗೆ ಮನೆಯಲ್ಲಿ ಅನ್ನ ಸೇರಲಿಲ್ಲ, ಯಾವಾಗ ಬೆಳಗಾಗುತ್ತದೋ ಎಂದು ಕಾದೆ.

ಚೆಂಡನ್ನು ತೂಗಿದೆ. ಆರು ಸಾವಿರದ ಮುನ್ನೂರ ಐವತ್ತೆರಡು ಗ್ರಾಂ. ತೂತುಗಳಿಗೆ ರಬ್ಬರ್ ಬಿರಡೆ ಜಡಿದು, ಐವತ್ತೈದು ಡಿಗ್ರಿಯ ನೀರಿನಲ್ಲಿ ಸೋಪಿನ ಪುಡಿ ಕದಡಿ ಮುಳುಗಿಸಿದೆ. ಇಪ್ಪತ್ತು ನಿಮಿಷಕ್ಕೊಮ್ಮೆ ತೆಗೆದು ಒರೆಸುವುದು, ಮತ್ತೆ ಮುಳುಗಿಸುವುದು. ಬೆವರಿನಂತೆ ಎಣ್ಣೆ ಮೇಲೆ ಬರುತ್ತಿತ್ತು. ಎರಡು ದಿನ ಹೀಗೆ ಮಾಡಿ, ಆಮೇಲೆ ನಮ್ಮ ಪಾಲಿಶ್ ಚಾಚಾ ಕೈಗೆ ಕೊಟ್ಟೆ.

ಚಾಚಾ ಗುಬ್ಬಿಯವರು. ಆಗಲೇ ಅರವತ್ತು ದಾಟಿತ್ತು. ಅವರ ಮನೆಯವರೆಲ್ಲ ಮರದ ಕೆಲಸದವರು, ಇವರೊಬ್ಬರು ಮಾತ್ರ ಪಾಲಿಶ್ ಹಿಡಿದು ತುಮಕೂರಿಗೆ ಬಂದಿದ್ದರು. ದಿನಾ ಬೆಳಿಗ್ಗೆ ಗುಬ್ಬಿ ಬಸ್ಸಿಳಿದು, ಸಿಟಿ ಬಸ್ಸು ಹಿಡಿದು ಬಂದು, ಟೋಪಿಯನ್ನು ಮೊಳೆಗೆ ಸಿಕ್ಕಿಸಿ ಕೆಲಸಕ್ಕೆ ಕೂತರೆ ತಲೆ ಎತ್ತುತ್ತಿರಲಿಲ್ಲ. ಚೆಂಡನ್ನು ಒದ್ದೆ ಮರಳುಕಾಗದದಲ್ಲಿ ತಿಕ್ಕಿ, ಗೀರುಗಳನ್ನೆಲ್ಲ ತೆಗೆದು, ಒಂದೇ ಸಮ ಮಾಡಿ ಕೊಟ್ಟರು. ತೂಗಿದೆ. ಇಪ್ಪತ್ತೊಂದು ಗ್ರಾಂ ಇಳಿದಿತ್ತು. ಪಟ್ಟಿಯ ಮೇಲೆ ಹನಿ ಇಟ್ಟೆ, ಮುಕ್ಕಾಲು ಗಂಟೆಯಲ್ಲಿ ಹೀರಿತು. ನಾನು ಇಡೀ ಶೆಡ್ಡಿಗೆ ಕೇಳುವ ಹಾಗೆ ಕೂಗಿದೆ. ಚೆಂಡು ಮಾತ್ರ ಮಂಕಾಗಿ ಕಾಣುತ್ತಿತ್ತು.

"ಚಾಚಾ, ನಾಳೆ ಬರ್ತಾರೆ. ಕೊನೆ ಕೈ ಹಾಕ್ಬಿಡಿ" ಎಂದು ಹೇಳಿ ಬೇರೆ ಕೆಲಸಕ್ಕೆ ಓಡಿದೆ.

ನಮ್ಮಲ್ಲಿ ಯಾವ ಮಾಲೂ ಹೊಳಪಿಲ್ಲದೆ ಬಾಗಿಲು ದಾಟುತ್ತಿರಲಿಲ್ಲ. ಅದು ಬರೆದಿಟ್ಟ ನಿಯಮವಲ್ಲ, ಹಾಗೇ ನಡೆದುಬಂದದ್ದು. ಕೊನೆ ಕೈ ಹಾಕಿದ ಮೇಲೆ ಚೆಂಡು ನೀಲಿ ಗಾಜಿನಂತೆ ಫಳಫಳ ಎನ್ನುತ್ತಿತ್ತು. ಮಾರನೆಯ ದಿನ ಟೀಚರ್ ಅದನ್ನು ನೋಡಿ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ನಾನು ಬೀಗಿದೆ.

ಹತ್ತು ದಿನ ಕಳೆದು, ಒಂದು ಮಂಗಳವಾರ ಮಧ್ಯಾಹ್ನ ಆಕೆ ವಾಪಸು ಬಂದರು. ಚೀಲವನ್ನು ನೆಲದ ಮೇಲೆ ಇಟ್ಟು ಕುರ್ಚಿಯಲ್ಲಿ ಕೂತರು.

"ಏನಾಯ್ತು?"

"ನಿಮ್ಮ ಕೆಲ್ಸ ಚೆನ್ನಾಗಿದೆ ಮೇಡಂ. ನನ್ನ ಕೈನೇ ಹೋಗಿದೆ. ಎರಡು ಶನಿವಾರ ಭಾನುವಾರ ಆಡ್ದೆ, ಒಂದ್ಸಲಾನೂ ತಿರುಗ್ಲಿಲ್ಲ. ಮೊದ್ಲಿಗಿಂತ ಕಡೆ. ಬಾಲ್ ಸರಿಯಾದ್ಮೇಲೂ ಹಿಂಗಾದ್ರೆ ಇನ್ನೇನು, ಬೆರಳಿಂದೇ ತಪ್ಪು. ಶುಕ್ರವಾರ ಹೆಸ್ರು ವಾಪಸ್ ತಗೊಳೋಕೆ ಕೊನೇ ದಿನ. ಕಾಗದ ಬರೆದಿಟ್ಟಿದೀನಿ."

"ಇನ್ನೊಂದ್ಸಲ ನೋಡ್ತೀನಿ, ಬಿಟ್ಟೋಗಿ."

"ನೋಡಿ ಬೇಕಾದ್ರೆ" ಎಂದು ಎದ್ದು ಹೋದರು. ಆ 'ಬೇಕಾದ್ರೆ' ನನಗೆ ಚುಚ್ಚಿತು.

ತೂಗಿದೆ. ಹದಿನಾರು ಗ್ರಾಂ ಏರಿತ್ತು. ಎರಡು ವಾರಾಂತ್ಯಕ್ಕೆ ಹದಿನಾರು ಗ್ರಾಂ ಎಣ್ಣೆ! ಜಾಸ್ತಿಯಾಯಿತು ಅನ್ನಿಸಿತು. ಹೊಸದಾಗಿ ತೆರೆದ ರಂಧ್ರ, ಜಾಸ್ತಿ ಕುಡಿದಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಂತು ಯೋಚಿಸಬೇಕಾದ ಜಾಗ ಅದೇ ಆಗಿತ್ತು. ನಾನು ನಿಲ್ಲಲಿಲ್ಲ. ನೀರು ಸಾಲದು, ಒಣ ಶಾಖ ಬೇಕು ಎಂದು ತೀರ್ಮಾನಿಸಿ ರೋಲು ಬೇಯಿಸುವ ಓವನ್ನಿನಲ್ಲಿ ಇಟ್ಟೆ. ಅರವತ್ತು ಡಿಗ್ರಿಗೆ ಒಂದಿಷ್ಟು ಬೆವರಿತು. ಶುಕ್ರವಾರದ ಗಡಿ ತಲೆಯಲ್ಲಿ ಕುಣಿಯುತ್ತಿತ್ತು. ಅರವತ್ತೈದಕ್ಕೆ ಏರಿಸಿದೆ, ಎಪ್ಪತ್ತೆರಡಕ್ಕೆ ಏರಿಸಿದೆ. ಬುಧವಾರ ಸಂಜೆ ತೆಗೆದು ನೋಡಿದರೆ ಹೆಬ್ಬೆರಳಿನ ತೂತಿನ ಅಂಚಿನಿಂದ ಕೂದಲಿನಷ್ಟು ತೆಳ್ಳನೆಯ ಒಂದು ಬಿರುಕು ಹೊರಟಿತ್ತು, ಒಂದು ಇಂಚು ಉದ್ದ. ಒಳಗಿನ ತಿರುಳು ಒಂದು ಅಳತೆಗೆ ಹಿಗ್ಗಿದರೆ ಹೊರಗಿನ ಚಿಪ್ಪು ಇನ್ನೊಂದು ಅಳತೆಗೆ ಹಿಗ್ಗುತ್ತದೆ, ಶಾಖ ಮಿತಿ ಮೀರಿದರೆ ಸೀಳುತ್ತದೆ. ರೋಲುಗಳಲ್ಲಿ ಇದನ್ನು ನೂರು ಸಲ ನೋಡಿದವಳು ನಾನು. ತೂಕ ಇಳಿದಿದ್ದು ಆರೇ ಗ್ರಾಂ. ಚೆಂಡನ್ನು ಕಿಟಕಿಯ ಪಕ್ಕದ ಹಲಗೆಯ ಮೇಲಿಟ್ಟು, ಯಾರಿಗೂ ಹೇಳದೆ ಮನೆಗೆ ಹೋದೆ. ಉಪ್ಪಾರಹಳ್ಳಿ ರೈಲ್ವೆ ಗೇಟು ಹಾಕಿತ್ತು. ಆ ಹತ್ತು ನಿಮಿಷ ಮೊಪೆಡ್ ಮೇಲೆ ಕೂತು ನನ್ನನ್ನು ನಾನೇ ಬೈದುಕೊಂಡೆ.

ಗುರುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋದೆ. ಚಳಿ ಜೋರಾಗಿತ್ತು. ಚೆಂಡಿನ ಮೈಮೇಲೆಲ್ಲ ಬೆಳ್ಳನೆಯ ಮಬ್ಬು ಕೂತಿತ್ತು. ಚಿಪ್ಪೇ ಕೊಳೆಯುತ್ತಿದೆ, ಅದನ್ನು ಮೆದುವಾಗಿಡಲು ಹಾಕಿದ ರಾಸಾಯನಿಕ ಹೊರಗೆ ಬರುತ್ತಿದೆ ಎಂದುಕೊಂಡೆ. ಬೆರಳಿಟ್ಟು ಉಜ್ಜಿದೆ. ಬೆರಳಿನ ಬಿಸಿಗೆ ಮಬ್ಬು ಕರಗಿ ಜಿಡ್ಡಾಯಿತು. ಮೂಸಿದೆ. ಅದೇ ಬೆಳಿಗ್ಗೆ ಮನೆಯಲ್ಲಿ ಬಾಟಲಿಯೊಳಗೆ ಗಟ್ಟಿಯಾಗಿ ಕೂತಿದ್ದನ್ನು ಬಿಸಿನೀರಿಗೆ ಇಟ್ಟು ತಲೆಗೆ ಹಚ್ಚಿಕೊಂಡು ಬಂದಿದ್ದೆ. ಅದೇ ವಾಸನೆ. ಕೊಬ್ಬರಿ ಎಣ್ಣೆ.

ಅಂಕಣದ ಎಣ್ಣೆ ಎಂಥ ಚಳಿಗೂ ಹೆಪ್ಪುಗಟ್ಟುವುದಿಲ್ಲ. ಸೀಸೆ ಅಲ್ಲೇ ಮೇಜಿನ ಮೇಲಿತ್ತು, ಎತ್ತಿ ನೋಡಿದೆ, ನೀರಿನಂತೆ ಅಲ್ಲಾಡಿತು. ಚೆಂಡಿನೊಳಗೆ ಇದ್ದದ್ದು ನಮ್ಮ ಎಣ್ಣೆ.

ಚಾಚಾ ಬಸ್ಸಿಳಿದು ಬರುವವರೆಗೆ ಗೇಟಿನ ಹತ್ತಿರ ಅತ್ತಿಂದಿತ್ತ ತಿರುಗಿದೆ. ಬಂದ ಕೂಡಲೇ ಅವರ ಮೇಲೆ ಹರಿಹಾಯ್ದೆ. "ಚಾಚಾ, ಆ ಬಾಲ್‌ಗೆ ಏನ್ ಹಚ್ಚಿದ್ರಿ?"

"ಕೊಬ್ಬರಿ ಎಣ್ಣೆ ಅಮ್ಮಾ. ಎಲ್ಲಾದಕ್ಕೂ ಹಚ್ಚೋದು ಅದೇ ಅಲ್ವಾ? ನಮ್ ಅಬ್ಬಾ ಮರಕ್ಕೆ ಹಚ್ತಿದ್ರು, ನಾನು ರಬ್ಬರಿಗೆ ಹಚ್ತೀನಿ." ಆಮೇಲೆ ಅವರೇ ನೆನೆಸಿಕೊಂಡು ಹೇಳಿದರು, "ಅದೊಂದು ಶೈತಾನ್ ಬಾಲು. ಹಚ್ಚಿದ್ರೆ ಕುಡ್ಕಂಬುಡೋದು. ಹೊಳಪು ನಿಲ್ಲೋವರ್ಗೂ ಮೂರ್ ಕೈ ಹಾಕ್ದೆ."

"ಕುಡೀತಾ ಐತೆ ಅಂತ ಗೊತ್ತಾದ್ಮೇಲೆ ನಿಲ್ಲಿಸ್ಬಾರ್ದಿತ್ತಾ? ಎರಡು ದಿನ ತೆಗ್ದಿದ್ದನ್ನ ಒಂದು ಗಂಟೇಲಿ ತುಂಬಿದೀರಲ್ಲ!"

ಅವರು ಮೊಳೆಗೆ ಸಿಕ್ಕಿಸಲು ತೆಗೆದಿದ್ದ ಟೋಪಿ ಕೈಯಲ್ಲೇ ಇತ್ತು. ಅದನ್ನು ನೋಡಿದಾಗ ನನಗೆ ನನ್ನ ಮಾತೇ ನೆನಪಾಯಿತು. ಕೊನೆ ಕೈ ಹಾಕಿ ಎಂದವಳು ನಾನು. ಕೊನೆ ಕೈ ಎಂದರೆ ಕೊಬ್ಬರಿ ಎಣ್ಣೆ ಎಂದು ಎಂಟು ವರ್ಷದಿಂದ ಗೊತ್ತಿದ್ದವಳು ನಾನು. ಹನಿ ಇಟ್ಟು ನೋಡಿದ್ದು ಅದಕ್ಕೆ ಮೊದಲು, ಆಮೇಲೆ ತೂಗಲೂ ಇಲ್ಲ, ನೋಡಲೂ ಇಲ್ಲ. ಪರೀಕ್ಷೆ ಮಾಡುವುದೇ ನನ್ನ ಕೆಲಸ. ಆ ಮುದುಕರಿಗೆ ಯಾಕೆ ಬೈದೆನೋ ಎಂದು ನಾಚಿಕೆಯಾಯಿತು.

"ತಪ್ಪಾಯ್ತು ಚಾಚಾ. ಹೇಳಿದ್ದು ನಾನೇ" ಎಂದೆ.

"ಆ ಹುಡ್ಗಿ ಕೈ ಹೋಯ್ತು ಅಂತ ಅತ್ಕೊಂಡೋಯ್ತಲ್ಲ ಅಮ್ಮಾ" ಎಂದರು ಅವರು. ಆಕೆ ಅತ್ತಿರಲಿಲ್ಲ. ಆದರೆ ಚಾಚಾ ಕಂಡದ್ದೂ ಸುಳ್ಳಾಗಿರಲಿಲ್ಲ.

ಕಾರ್ಖಾನೆಯ ಯಜಮಾನರು ಬಂದ ಕೂಡಲೇ ಎಲ್ಲವನ್ನೂ ಹೇಳಿದೆ. ಅವರ ಹಣೆಯ ವಿಭೂತಿ ಇನ್ನೂ ಆರಿರಲಿಲ್ಲ. ಕಣ್ಣು ಮುಚ್ಚಿ ಕೇಳಿಸಿಕೊಂಡರು.

"ನೋಡಮ್ಮ, ಬಾಲ್ ಹಳೇದಾಗಿತ್ತು, ನಮ್ ಕೈಲಾದ್ದು ಮಾಡಿದ್ವಿ ಅಂತ ಹೇಳ್ಬುಡು. ಅದೇನ್ ಸುಳ್ಳಲ್ಲ. ಈಗ ಹೋಗಿ ಕೊಬ್ಬರಿ ಎಣ್ಣೆ ಅಂದ್ರೆ ಆ ಸಾಬ್ರ ಹೆಸ್ರು ಆಚೆಗೆ ಬರುತ್ತೆ. ವಯಸ್ಸಾದೋರು."

"ಅವ್ರ ಹೆಸ್ರು ಬರಲ್ಲ ಸಾರ್. ನಂದು ಬರುತ್ತೆ."

"ನಿಂದೂ ಯಾಕ್ ಬರ್ಬೇಕು?"

ನಾನು ಹೊರಗೆ ಬಂದು ಟೀಚರ್ ಶಾಲೆಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದೆ. ಅಲ್ಲಿಯವರೆಗೂ ನನ್ನ ತಲೆಯಲ್ಲಿ ಇದ್ದದ್ದು ಚೆಂಡು, ತೂಕ, ಬಿರುಕು. ಮೂರನೆಯ ಸಲ ಫೋನ್ ಇಟ್ಟಾಗ ಒಂದು ವಿಷಯ ಹೊಳೆಯಿತು. ಚೆಂಡು ಸರಿಯಾಗುತ್ತದೋ ಇಲ್ಲವೋ, ಆಕೆ ನಾಳೆ ಕೊಡಲಿರುವ ಕಾಗದದಲ್ಲಿ ತಪ್ಪು ಬೆರಳಿನದು ಎಂದು ಬರೆದಿದೆ. ಅದು ನಿಜವಲ್ಲ ಎಂದು ಗೊತ್ತಿರುವುದು ಭೂಮಿಯ ಮೇಲೆ ನಮ್ಮ ಶೆಡ್ಡಿನ ಮೂರು ಜನಕ್ಕೆ. ಅರ್ಧ ದಿನ ರಜೆ ಬರೆದಿಟ್ಟು ಕುಣಿಗಲ್ ಬಸ್ಸು ಹತ್ತಿದೆ.

ಹೆಬ್ಬೂರಿನಲ್ಲಿ ಡ್ರೈವರ್ ಟೀ ಕುಡಿಯಲು ಇಳಿದ. ಹದಿನೈದು ನಿಮಿಷ! ನಾನು ಎರಡು ಸಲ ಕೆಳಗಿಳಿದು ಹತ್ತಿದೆ. ಕಂಡಕ್ಟರ್ "ಯಾರ್ಗಾದ್ರೂ ಹುಷಾರಿಲ್ವಾ ಅಕ್ಕ?" ಎಂದು ಕೇಳಿದ. ಹೌದು ಎಂದೆ.

ಟೀಚರ್ ಮೈದಾನದಲ್ಲಿದ್ದರು. ಕೊರಳಲ್ಲಿ ಸೀಟಿ, ಎದುರಿಗೆ ಥ್ರೋಬಾಲ್ ಆಡುತ್ತಿದ್ದ ಹೆಣ್ಣುಮಕ್ಕಳು. ನಾನು ನಿಂತಲ್ಲೇ ಎಲ್ಲವನ್ನೂ ಒದರಿಬಿಟ್ಟೆ. ಕೊನೆ ಕೈ, ಕೊಬ್ಬರಿ ಎಣ್ಣೆ, ಓವನ್ನು, ಬಿರುಕು. ಬಿರುಕನ್ನು ಬಿಟ್ಟು ಹೇಳಬಹುದಿತ್ತು. ಬಾಯಿಗೆ ಬಂದುಬಿಟ್ಟಿತು.

ಆಕೆ ಬಲಗೈ ಎತ್ತಿ ಆ ಬೆರಳನ್ನು ನೋಡಿಕೊಂಡರು.

"ಅಂದ್ರೆ ನನ್ನ ಕೈ ಸರಿ ಇದೆ."

"ಇದೆ. ಆ ಬಾಲನ್ನ ಯಾರ್ ಎಸೆದ್ರೂ ಸೀದಾನೇ ಹೋಗ್ತಿತ್ತು."

"ಹತ್ತು ದಿನ ಮೇಡಂ! ಹತ್ತು ದಿನ ನಾನು ಈ ಬೆರಳನ್ನ ಬೈಕೊಂಡಿದೀನಿ. ಅನ್ನ ಕಲೆಸ್ವಾಗ್ಲೂ ಬೈಕೊಂಡಿದೀನಿ. ಮೊಂಡು ಬೆರಳಿಟ್ಕೊಂಡು ಇದೆಲ್ಲಾ ಯಾಕೆ ಬೇಕಿತ್ತು ಅಂತ ನಮ್ಮಕ್ಕ ಅಂದಾಗ ಹೌದು ಅಂತ ತಲೆ ಆಡಿಸ್ದೆ. ನಿಮ್ಗೆ ಹೊಳಪು ಬೇಕಾಗಿತ್ತಾ? ನಾನು ಕೇಳಿದ್ನಾ ಹೊಳಪು?"

"ಕೇಳ್ಲಿಲ್ಲ."

ಆಕೆ ಅತ್ತ ತಿರುಗಿ, ಯಾವ ಕಾರಣವೂ ಇಲ್ಲದೆ, ಜೋರಾಗಿ ಸೀಟಿ ಊದಿದರು. ಮಕ್ಕಳೆಲ್ಲ ನಿಂತು ನೋಡಿದವು. ಮತ್ತೆ ಆಡಿ ಎಂದು ಕೈ ಬೀಸಿ ನನ್ನ ಕಡೆ ತಿರುಗಿದಾಗ ಕಣ್ಣು ಕೆಂಪಾಗಿತ್ತು.

"ಕಾಗದ ಕೊಡಲ್ಲ. ಆದ್ರೆ ನಂಗೆ ಬಾಲ್ ಬೇಕು. ಏನ್ ಮಾಡ್ತೀರೋ ನಂಗೊತ್ತಿಲ್ಲ."

ಬೈಸಿಕೊಂಡು ಇಷ್ಟು ಹಗುರಾಗಿ ನಾನು ಎಲ್ಲಿಂದಲೂ ವಾಪಸು ಬಂದಿರಲಿಲ್ಲ. ಆದರೆ ಬಸ್ಸಿನಲ್ಲಿ ಕೂತ ಮೇಲೆ ಲೆಕ್ಕ ಹಾಕತೊಡಗಿದೆ. ಬಿಸಿ ನೀರು ಆಗಿತ್ತು, ಓವನ್ ಆಗಿತ್ತು. ಕೊಬ್ಬರಿ ಎಣ್ಣೆಯನ್ನು ಕರಗಿಸುವ ದ್ರಾವಕಗಳು ಚಿಪ್ಪನ್ನೂ ಕರಗಿಸುತ್ತವೆ. ಇನ್ನೊಮ್ಮೆ ಹೆಚ್ಚು ಶಾಖ ಕೊಟ್ಟರೆ ಬಿರುಕು ಉದ್ದವಾಗುತ್ತದೆ. ಉಳಿದಿದ್ದದ್ದು ಇಪ್ಪತ್ತು ಚಿಲ್ಲರೆ ದಿನ.

ದಾರಿ ತೋರಿಸಿದ್ದು ಚಾಚಾ. ಶುಕ್ರವಾರ ನಮಾಜು ಮುಗಿಸಿ ಬಂದವರೇ ಕೇಳಿದರು, "ಅಮ್ಮಾ, ಕಲ್ಲು ಹಾಸಿನ ಮೇಲೆ ಎಣ್ಣೆ ಚೆಲ್ಲಿದ್ರೆ ನಿಮ್ ಮನೇಲಿ ಏನ್ ಮಾಡ್ತಾರೆ?"

"ಬೂದಿ ಹಾಕ್ತಾರೆ."

"ಉಜ್ತಾರಾ?"

"ಇಲ್ಲ. ಹಾಕಿ ಬಿಡ್ತಾರೆ."

"ಹಾಂ. ಬಿಡ್ತಾರೆ" ಎಂದರು. ಆ ಕೊನೆಯ ಮಾತು ಬೂದಿಗಲ್ಲ, ನನಗೆ.

ಬೂದಿಗೇನು ಬರ? ಪಕ್ಕದ ಅಕ್ಕಿ ಗಿರಣಿಯಲ್ಲಿ ಹೊಟ್ಟು ಉರಿಸಿದ ಬೂದಿ ಗುಡ್ಡದಂತೆ ಬಿದ್ದಿತ್ತು. ಹಗುರ, ನುಣುಪು, ಎಣ್ಣೆ ಕಂಡರೆ ಹೀರುವಂಥದ್ದು. ಎರಡು ಚೀಲ ತಂದು ಜರಡಿ ಹಿಡಿದು ಒಣಗಿಸಿದೆವು. ತಗಡಿನ ಡಬ್ಬದಲ್ಲಿ ಬೂದಿ ಹಾಸಿ, ತೂತುಗಳನ್ನು ಮುಚ್ಚಿದ ಚೆಂಡನ್ನು ಹೂತು, ಡಬ್ಬವನ್ನು ಓವನ್ನಿನ ಒಳಗಲ್ಲ, ಓವನ್ನಿನ ತಲೆಯ ಮೇಲೆ ಇಟ್ಟೆವು. ಅಲ್ಲಿ ಬೂದಿಯೊಳಗೆ ಥರ್ಮಾಮೀಟರ್ ನಲವತ್ತೈದು ತೋರಿಸುತ್ತಿತ್ತು. ಎಣ್ಣೆ ಕರಗಲು ಅಷ್ಟು ಸಾಕು, ಚಿಪ್ಪು ಹಿಗ್ಗಲು ಸಾಲದು. ದಿನಕ್ಕೆ ಒಂದು ಸಲ ತೆಗೆದು, ಒರೆಸಿ, ತೂಗಿ, ಹೊಸ ಬೂದಿಯಲ್ಲಿ ಹೂಳುವುದು. ಅಷ್ಟೇ ಕೆಲಸ.

ಆ ಅಷ್ಟೇ ಕೆಲಸ ನನ್ನನ್ನು ಹಣ್ಣು ಮಾಡಿತು. ಮೊದಲ ದಿನ ಇಳಿದದ್ದು ಒಂದು ಗ್ರಾಂ. ಎರಡನೆಯ ದಿನ ಒಂದು. ಮೂರನೆಯ ದಿನ ಸೊನ್ನೆ. ಡಬ್ಬವನ್ನು ಒಳಗೆ ಇಟ್ಟು ಐವತ್ತೈದಕ್ಕೆ ಹಾಕೋಣ, ಒಂದೇ ಗಂಟೆ, ಎಂದು ನಾನು ಹೇಳಿದಾಗ ಚಾಚಾ ಓವನ್ ಕೋಣೆಯ ಬೀಗ ಹಾಕಿ ಕೀಲಿಯನ್ನು ಜುಬ್ಬದ ಒಳಜೇಬಿಗೆ ಇಳಿಸಿದರು. "ರೋಲ್ ಬೇಯ್ಸೋವಾಗ ಕೇಳಿ, ಕೊಡ್ತೀನಿ" ಎಂದರು. ಎಂಟು ವರ್ಷದಲ್ಲಿ ಅವರು ನನ್ನ ಮಾತು ಮೀರಿದ್ದು ಅದೊಂದೇ ಸಲ. ನಾನು ಕೂಗಾಡಿದೆ. ಅವರು ಕೇಳಿಸದವರ ಹಾಗೆ ರೋಲು ತಿಕ್ಕುತ್ತ ಕೂತರು.

ನಾಲ್ಕನೆಯ ದಿನ ಮೂರು ಗ್ರಾಂ ಇಳಿಯಿತು. ಒಳಗಿನದು ಹೊರಗೆ ನಡೆದು ಬರಲು ಅಷ್ಟು ದಿನ ಬೇಕಿತ್ತು ಅಂತ ಕಾಣುತ್ತದೆ. ಎಂಟನೆಯ ದಿನಕ್ಕೆ ಒಟ್ಟು ಹತ್ತು ಗ್ರಾಂ ಇಳಿದು ತೂಕ ನಿಂತಿತು. ಬಿರುಕಿಗೆ ತೆಳ್ಳನೆಯ ಯುರೆಥೇನ್ ಇಳಿಸಿ, ಗಟ್ಟಿಯಾಗಲು ಬಿಟ್ಟು, ಚಾಚಾ ಮೇಲಿಂದ ಒಂದೇ ಸಮನೆ ಒರಟಾಗಿ ತಿಕ್ಕಿದರು. ಚೆಂಡು ಹಳೆಯ ಸ್ಲೇಟಿನ ಬಣ್ಣಕ್ಕೆ ಬಂದಿತ್ತು. ಹನಿ ಇಟ್ಟೆ. ಐವತ್ತು ನಿಮಿಷ. ಈ ಸಲ ನಾನು ಕೂಗಲಿಲ್ಲ. ಹನಿ ಹೀರಿದ ಮಾತ್ರಕ್ಕೆ ಚೆಂಡು ತಿರುಗುತ್ತದೆ ಎಂದು ನಂಬಲು ಧೈರ್ಯವಿರಲಿಲ್ಲ. ಎಸೆದು ನೋಡಬೇಕು, ಅದೂ ಕಾರ್ಖಾನೆಯಿಂದ ಆಚೆ ಕಳಿಸುವ ಮೊದಲು.

ಗುಬ್ಬಿಯಲ್ಲಿ ಚಾಚಾರ ಅಣ್ಣನ ಮರದ ಡಿಪೋ ಇತ್ತು. ಭಾನುವಾರ ಅಲ್ಲಿ ಇಪ್ಪತ್ತಡಿಯ ಹಲಗೆಗಳನ್ನು ಮೂರು ಸಾಲು ಒಂದರ ಮುಂದೊಂದು ಕೂಡಿಸಿ ಅರವತ್ತಡಿಯ ಹಾದಿ ಹಾಸಿದರು. ನಾನು ಅಳೆದು ನಲವತ್ತಡಿಗೆ ಸೀಮೆಸುಣ್ಣದ ಗೆರೆ ಎಳೆದು, ಅಲ್ಲಿಯವರೆಗೆ ಅಂಕಣದ ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಬಳಿದೆ. ಕೊನೆಯಲ್ಲಿ ಹತ್ತು ಮರದ ತುಂಡು, ಅದರ ಹಿಂದೆ ಹೊಟ್ಟಿನ ಮೂಟೆ. ಟೀಚರ್ ಕುಣಿಗಲ್‌ನಿಂದ ಎರಡು ಬಸ್ಸು ಬದಲಾಯಿಸಿ ಬಂದರು. ಚೆಂಡನ್ನು ಕೈಗೆ ತೆಗೆದುಕೊಂಡು, ಬಣ್ಣ ನೋಡಿ, ಬೆರಳುಗಳನ್ನು ಒಂದೊಂದಾಗಿ ತೂತಿಗೆ ಇಳಿಸಿದರು.

ಮೊದಲನೆಯದು ಹಲಗೆ ಕೂಡಿದ ಕಡೆ ಎಗರಿ ಪಕ್ಕಕ್ಕೆ ಬಿತ್ತು. ಚಾಚಾರ ಅಣ್ಣ ಉಜ್ಜುಗೊರಡು ತಂದು ಆ ಜಾಗ ಸಮ ಮಾಡಿದರು. ಎರಡನೆಯದು ಸೀದಾ ಹೋಯಿತು. ಮೂರನೆಯದೂ ಸೀದಾ. ನನಗೆ ಅಲ್ಲಿ ನಿಲ್ಲಲಾಗದೆ ಹಲಗೆಗಳ ಪಕ್ಕದಲ್ಲೇ ಕೊನೆಯವರೆಗೂ ನಡೆದು ಹೋದೆ.

"ಅಲ್ಲಿ ನಿಂತ್ಕೋಬೇಡಿ, ನಂಗೆ ಗುರಿ ತಪ್ಪುತ್ತೆ" ಎಂದು ಆಕೆ ಕೂಗಿದರು. ಆಮೇಲೆ ಕೆಳಗೆ ಬಗ್ಗಿ, ಪಾದ ಇಡುವ ಜಾಗವನ್ನು ಒಂದು ಗೇಣು ಎಡಕ್ಕೆ ಬದಲಾಯಿಸಿಕೊಂಡರು.

ನಾಲ್ಕನೆಯದು ಎಣ್ಣೆಯ ಮೇಲೆ ಸದ್ದಿಲ್ಲದೆ ಜಾರಿ ಬಂತು. ಸೀಮೆಸುಣ್ಣದ ಗೆರೆ ದಾಟಿದ ಮೇಲೆ ಮರದ ಮೇಲೆ ಗರಗರ ಎಂಬ ಸದ್ದು ಶುರುವಾಯಿತು. ಚೆಂಡು ಒಳಕ್ಕೆ ತಿರುಗಿತು. ತುಂಡುಗಳು ಎಲ್ಲಿಗೆ ಹಾರಿದವೋ ನಾನು ನೋಡಲೇ ಇಲ್ಲ. ಮತ್ತೆ ಎಸೆದರು, ಮತ್ತೆ ತಿರುಗಿತು. ಹನ್ನೆರಡು ಸಲ ಎಸೆದು, ಆಕೆ ಮರದ ದಿಮ್ಮಿಯ ಮೇಲೆ ಕೂತು, ಆ ಮೊಂಡು ಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡರು.

ನಾನು ಹೇಳಬೇಕಾದ್ದನ್ನು ಹೇಳಿದೆ. ಪ್ರತಿ ಎಸೆತವಾದ ಮೇಲೂ ತಕ್ಷಣ ಒರೆಸಬೇಕು, ಮೇಲಿದ್ದಾಗಲೇ ಎಣ್ಣೆ ಹೋಗುವುದು, ಒಳಗಿಳಿದರೆ ಕಷ್ಟ. ಕಾರಿನ ಡಿಕ್ಕಿಯಲ್ಲಿ, ಬಿಸಿಲಲ್ಲಿ ಇಡಬಾರದು. ಹೀಗೆ ತೆಗೆದರೂ ಪ್ರತಿ ಸಲ ಸ್ವಲ್ಪ ಒಳಗೇ ಉಳಿಯುತ್ತದೆ, ಮೈಯೂ ಸವೆಯುತ್ತದೆ. ಇನ್ನೊಂದು ವರ್ಷ, ಹೆಚ್ಚೆಂದರೆ ಒಂದೂವರೆ. ಬಿರುಕಿನ ಬಗ್ಗೆ ಮಾತ್ರ ಯಾವ ಭರವಸೆಯನ್ನೂ ಕೊಡುವುದಿಲ್ಲ ಎಂದೆ.

"ನಂಗೆ ಆಯ್ಕೆ ದಿನ ಆರು ಗೇಮ್ ಬೇಕು ಅಷ್ಟೆ" ಎಂದರು ಆಕೆ.

ಆಯ್ಕೆಯ ಭಾನುವಾರ ಹೇಗೆ ಕಳೆಯಿತು ಎಂದು ಕೇಳಬೇಡಿ. ಮನೆಯ ಎಲ್ಲ ಡಬ್ಬಗಳನ್ನೂ ಕೆಳಗಿಳಿಸಿ ತೊಳೆದೆ. ಸೋಮವಾರ ಹತ್ತು ಗಂಟೆಗೆ ಫೋನ್ ಬಂತು. ಚಾಚಾ ಕೈಲಿದ್ದ ಬಟ್ಟೆಯನ್ನು ಬಿಟ್ಟು ನನ್ನ ಮೇಜಿನ ಪಕ್ಕಕ್ಕೇ ಬಂದು ನಿಂತರು.

"ಆಗ್ಲಿಲ್ಲ ಮೇಡಂ. ಐದು ಜನ ತಗೊಂಡ್ರು, ನಾನು ಆರನೆಯವಳು."

"ಬಾಲು? ಬಿರುಕು ಬಿಡ್ತಾ?"

"ಅಯ್ಯೋ ಇಲ್ಲ. ಆರು ಗೇಮೂ ಹೇಳ್ದಂಗೆ ತಿರುಗ್ತು. ಕೊನೇ ಗೇಮಲ್ಲಿ ಒಂದೇ ಒಂದು ಪಿನ್ ನಿಂತಿತ್ತು, ಮಕ್ಕಳೂ ಹೊಡೀತಾರೆ. ಆತುರ ಮಾಡ್ದೆ, ಬಿಟ್ಟೆ. ಬೆರಳಿಂದಲ್ಲ, ಬಾಲಿಂದಲ್ಲ. ನಾನೇ ಬಿಟ್ಟಿದ್ದು."

ನಾನು ರಿಸೀವರನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದೆ. ಚಾಚಾ ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡಿದ್ದರು. "ಸೋತ್ರಾ?" ಎಂದರು.

"ಹೂಂ."

"ನಮ್ಮಿಂದಾನಾ?"

"ಅಲ್ಲ ಚಾಚಾ. ಅವ್ರಿಂದಾನೇ."

"ಅಲ್‌ಹಮ್ದುಲಿಲ್ಲಾ" ಎಂದು ದೇವರಿಗೆ ಕೃತಜ್ಞತೆ ಹೇಳಿ ಅವರು ಎರಡೂ ಕೈಯಲ್ಲಿ ಮುಖ ಸವರಿಕೊಂಡರು. ಮರುಕ್ಷಣವೇ ತಾವು ಅಂದದ್ದೇನು ಎಂದು ಗೊತ್ತಾಗಿ ನಾಲಿಗೆ ಕಚ್ಚಿಕೊಂಡರು. "ತೋಬಾ ತೋಬಾ, ಸೋತೋರ ಮುಂದೆ ಹಿಂಗನ್ಬಾರ್ದು. ಕೇಳಿಸ್ತಾ ಅಮ್ಮಾ ಅವ್ರಿಗೆ?"

ಕೇಳಿಸಿತ್ತು. ಆ ಕಡೆಯಿಂದ ಆಕೆ ನಗುವುದು ನ‌ಮ್ಮಿಬ್ಬರಿಗೂ ಕೇಳುತ್ತಿತ್ತು.

"ಬೈಬೇಡಿ ಮೇಡಂ ಅವ್ರನ್ನ" ಎಂದರು. "ನಿನ್ನೆ ಬಸ್ಸಲ್ಲಿ ಬರೋವಾಗ ನಾನೂ ಅದನ್ನೇ ಅಂದ್ಕೊಂಡೆ."